ಸೆಟ್ಟಿಂಗ್ ಬದಲಿಸಿದ್ದು ಯಾರು?

ಪ್ರಶ್ನೆ: ನಮಸ್ಕಾರ ಸರ್. ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್ ಆಗಿದ್ದೇನೆ. ಸಂಬಳ ಮತ್ತು ಬಿಲ್ಲಿಂಗ್‌ಗೆ ನಮ್ಮದೇ ಸಾಫ್ಟ್‌ವೇರ್ ಇದೆ. ಜಾವಾ ಭಾಷೆಯಲ್ಲಿ, ಸ್ಪ್ರಿಂಗ್ ಬೂಟ್ ಎಂಬ ಚೌಕಟ್ಟಿನ ಮೇಲೆ ಬರೆದದ್ದು. 40 ಗ್ರಾಹಕರು, ಪ್ರತಿಯೊಬ್ಬರ ಆಫೀಸಿನಲ್ಲೂ ಅವರದೇ ಸರ್ವರ್. ಹತ್ತು ವರ್ಷದಲ್ಲಿ ಸೆಟ್ಟಿಂಗ್‌ಗಳು 900 ದಾಟಿವೆ. ಕೆಲವು ಪ್ರಾಪರ್ಟೀಸ್ ಫೈಲಿನಲ್ಲಿ, ಕೆಲವು ಡೇಟಾಬೇಸ್ ಟೇಬಲ್‌ನಲ್ಲಿ, ಇನ್ನು ಕೆಲವು ಸರ್ವರಿನ ಎನ್ವಿರಾನ್ಮೆಂಟ್ ವೇರಿಯಬಲ್‌ಗಳಲ್ಲಿ (ಆ ಮಷಿನ್ನಿನ ಆಪರೇಟಿಂಗ್ ಸಿಸ್ಟಮ್ ಪ್ರೋಗ್ರಾಮಿಗೆ ಒದಗಿಸುವ ಮೌಲ್ಯಗಳು).

ಕಳೆದ ತಿಂಗಳು ಒಬ್ಬ ಗ್ರಾಹಕರ ಸಂಬಳದ ಲೆಕ್ಕ ತಪ್ಪಿತ್ತು. ಪರೀಕ್ಷೆಗೆಂದು ಅವರ ಡೇಟಾಬೇಸ್ ಕಾಪಿ ತಂದು ನಮ್ಮ ಟೆಸ್ಟ್ ಮಷಿನ್‌ನಲ್ಲಿ ಓಡಿಸಿದೆವು. ಅವರ 312 ಕೆಲಸಗಾರರ ಮೊಬೈಲಿಗೆ ‘ನಿಮ್ಮ ಸಂಬಳ ಜಮಾ ಆಗಿದೆ’ ಅಂತ ಮೆಸೇಜ್ ಹೋಯಿತು, ಅದೂ 14ನೇ ತಾರೀಕು! ಅದಕ್ಕೂ ಮೊದಲು, ಜಿಎಸ್‌ಟಿ ದರ ಬದಲಾದಾಗ ನಮ್ಮ ಹುಡುಗ 12 ಇದ್ದಲ್ಲಿ 5 ಅಂತ ತಿದ್ದಿದ್ದ. ಹಳೆ ಬಿಲ್‌ಗಳನ್ನು ಮತ್ತೆ ಪ್ರಿಂಟ್ ತೆಗೆದರೆ ಅವೂ 5ರಲ್ಲೇ ಬಂದವು.

ಈಗ ಕನ್ಸಲ್ಟೆಂಟ್ ಒಬ್ಬರು ‘ಎಲ್ಲವನ್ನೂ ಒಂದು ಕಾನ್ಫಿಗ್ ಸರ್ವರ್‌ಗೆ ಹಾಕಿ’ ಎನ್ನುತ್ತಿದ್ದಾರೆ, ಅಂದರೆ ಎಲ್ಲರಿಗೂ ಸೆಟ್ಟಿಂಗ್ ಹಂಚುವ ಒಂದೇ ಕೇಂದ್ರ ಸರ್ವರ್. ನಮ್ಮ ಟೀಮಿನ ಹೊಸಬರು ‘ಎಲ್ಲವೂ ಎನ್ವಿರಾನ್ಮೆಂಟ್ ವೇರಿಯಬಲ್ ಆಗಬೇಕು’ ಎನ್ನುತ್ತಾರೆ. ಎಂಡಿ ಮಾತ್ರ ‘ಎಲ್ಲವನ್ನೂ ಅಡ್ಮಿನ್ ಸ್ಕ್ರೀನಿಗೆ ತನ್ನಿ, ಡೆವಲಪರ್ ಅಗತ್ಯವೇ ಬೀಳಬಾರದು’ ಎನ್ನುತ್ತಾರೆ. ಇನ್ನೊಂದು ವಿಷಯ. ‘ಯೂಸ್ ನ್ಯೂ ಕ್ಯಾಲ್ಕ್ 2’ ಅಂತ ಒಂದು ಸೆಟ್ಟಿಂಗ್ ಇದೆ. 37 ಗ್ರಾಹಕರಲ್ಲಿ ‘ವೈ’, 3 ಕಡೆ ‘ಎನ್’. ಬರೆದವರು ಕೆಲಸ ಬಿಟ್ಟು ವರ್ಷಗಳಾದವು. ಅದನ್ನು ತೆಗೆಯಬಹುದಾ? ನಿಜ ಹೇಳಬೇಕೆಂದರೆ ನಮಗೆ ಯಾವುದನ್ನೂ ಮುಟ್ಟಲು ಧೈರ್ಯವಿಲ್ಲ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲೇ ನಿಜವಾದ ಪ್ರಶ್ನೆ. 900 ಸೆಟ್ಟಿಂಗ್ ಇರುವುದು ದೊಡ್ಡ ವಿಷಯವಲ್ಲ, ಹತ್ತು ವರ್ಷ ಓಡಿದ ಯಾವ ಸಾಫ್ಟ್‌ವೇರಿನಲ್ಲೂ ಅಷ್ಟಿರುತ್ತವೆ. ಅವುಗಳಲ್ಲಿ ಯಾವುದು ಯಾರದ್ದು ಅಂತ ಯಾರಿಗೂ ಗೊತ್ತಿಲ್ಲ, ಅದಕ್ಕೇ ಭಯ. ಕನ್ಸಲ್ಟೆಂಟ್, ಹೊಸಬರು, ಎಂಡಿ ಮೂವರೂ ‘ಎಲ್ಲಿಡೋಣ’ ಅಂತ ಜಗಳವಾಡುತ್ತಿದ್ದಾರೆ. ಪ್ರತಿ ಸೆಟ್ಟಿಂಗಿಗೂ ಒಬ್ಬ ಯಜಮಾನ ಸಿಕ್ಕರೆ ಎಲ್ಲಿಡಬೇಕು ಅನ್ನುವುದು ಮುಕ್ಕಾಲು ಪಾಲು ತಾನಾಗೇ ಇತ್ಯರ್ಥವಾಗುತ್ತದೆ.

ಅದಕ್ಕೂ ಮೊದಲು, ನಿಮ್ಮ ಆಫೀಸಿನಲ್ಲೂ ಓಡಾಡುತ್ತಿರಬಹುದಾದ ಒಂದು ಮಾತು: ‘ಕೋಡ್ ಏನೂ ಬದಲಿಸಿಲ್ಲ ಸರ್, ಸುಮ್ನೆ ಒಂದು ಸೆಟ್ಟಿಂಗ್ ಅಷ್ಟೇ.’ ನನ್ನ ಇಪ್ಪತ್ತು ಚಿಲ್ಲರೆ ವರ್ಷಗಳ ಕೆಲಸದಲ್ಲಿ ರಾತ್ರಿ ಎರಡು ಗಂಟೆಗೆ ಬಂದ ಫೋನ್‌ಗಳಲ್ಲಿ ಜಾಸ್ತಿ ಶುರುವಾಗಿದ್ದೇ ಈ ವಾಕ್ಯದಿಂದ.

ಅಮೆರಿಕದ ನೈಟ್ ಕ್ಯಾಪಿಟಲ್ ಅನ್ನುವ ಷೇರು ವಹಿವಾಟು ಕಂಪನಿಯ ಕಥೆ ನಿಮಗೆ ಗೊತ್ತಿರಬಹುದು. ಅವರ ಸಾಫ್ಟ್‌ವೇರಿನಲ್ಲಿ ‘ಪವರ್ ಪೆಗ್’ ಎಂಬ ಹಳೆಯ ಸೌಲಭ್ಯವಿತ್ತು. 2003ರಲ್ಲೇ ಬಳಕೆ ನಿಂತಿತ್ತು, ಕೋಡ್ ಮಾತ್ರ ಒಳಗೇ ಉಳಿದಿತ್ತು. 2012ರಲ್ಲಿ ಹೊಸ ಸೌಲಭ್ಯವೊಂದನ್ನು ಬರೆದರು. ಅದನ್ನು ಚಾಲೂ ಮಾಡಲು ಹೊಸ ಸ್ವಿಚ್ ಇಡುವ ಬದಲು ಪವರ್ ಪೆಗ್‌ನ ಹಳೆ ಸ್ವಿಚ್ಚನ್ನೇ ಬಳಸಿದರು. ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಹೊಸ ಕೋಡ್ ಹೋಯಿತು, ಒಂದಕ್ಕೆ ಹಾಕಲು ಮರೆತರು. ಆಗಸ್ಟ್ 1ರ ಬೆಳಿಗ್ಗೆ ಸ್ವಿಚ್ ಆನ್ ಆಯಿತು. ಏಳು ಸರ್ವರ್‌ಗಳು ಸರಿಯಾಗಿ ಕೆಲಸ ಮಾಡಿದವು. ಎಂಟನೆಯದರಲ್ಲಿ ಒಂಬತ್ತು ವರ್ಷ ಮಲಗಿದ್ದ ಕೋಡ್ ಎದ್ದು, ನಿಲ್ಲದೆ ಆರ್ಡರ್ ಕಳಿಸತೊಡಗಿತು. ಗಾಬರಿಯಲ್ಲಿ ಇವರು ಏನು ಮಾಡಿದರು ಗೊತ್ತಾ? ಹೊಸ ಕೋಡಿನದೇ ತಪ್ಪಿರಬೇಕು ಅಂದುಕೊಂಡು ಸರಿಯಾಗಿದ್ದ ಏಳು ಸರ್ವರ್‌ಗಳಿಂದಲೂ ಅದನ್ನು ತೆಗೆದರು. ಸ್ವಿಚ್ ಆನ್ ಆಗೇ ಇತ್ತು. ಈಗ ಎಂಟರಲ್ಲೂ ಪವರ್ ಪೆಗ್! 45 ನಿಮಿಷದಲ್ಲಿ 46 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ. ಮಾರುಕಟ್ಟೆ ತೆರೆಯುವ ಮೊದಲೇ ಅವರ ಸಿಸ್ಟಮ್ಮು ಪವರ್ ಪೆಗ್ ಹೆಸರೆತ್ತಿ 97 ಇಮೇಲ್ ಕಳಿಸಿತ್ತು, ಯಾರೂ ಗಮನಿಸಲಿಲ್ಲ.

ನಿಮ್ಮ ‘ಯೂಸ್ ನ್ಯೂ ಕ್ಯಾಲ್ಕ್ 2’ ಓದಿದಾಗ ನನಗೆ ನೆನಪಾಗಿದ್ದು ಇದೇ. ಕೊನೆಯಲ್ಲಿ ಅದಕ್ಕೆ ಬರುತ್ತೇನೆ.

2024ರ ಜುಲೈ 19 ಎಲ್ಲರಿಗೂ ನೆನಪಿದೆ. ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟ ದಿನ. ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಭದ್ರತಾ ಕಂಪನಿ ಅಂದು ಕಳಿಸಿದ್ದು ಹೊಸ ಪ್ರೋಗ್ರಾಮ್ ಅಲ್ಲ, ಒಂದು ಕಾನ್ಫಿಗರೇಶನ್ ಫೈಲು. ಫೈಲಿನ ಕಡೆ 21 ಅಂಶಗಳ ಲೆಕ್ಕವಿತ್ತು, ಓದುವ ಕೋಡಿಗೆ ಸಿಗುತ್ತಿದ್ದುದು 20. ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಕೂತವು. ಕೋಡಿಗಿದ್ದ ಹಂತಹಂತದ ಬಿಡುಗಡೆಯ ಕ್ರಮ ಇಂಥ ಫೈಲುಗಳಿಗೆ ಇರಲಿಲ್ಲ.

ಈಗ ನಿಮ್ಮ ಮೆಸೇಜ್ ಪ್ರಕರಣ. ಟೆಸ್ಟ್ ಮಷಿನ್‌ನಿಂದ ನಿಜವಾದ ಮೆಸೇಜ್ ಹೋಗಿದ್ದು ಯಾಕೆ? ನಿಮ್ಮವರ ಅಜಾಗರೂಕತೆ ಅಂತ ಬೈಯಬೇಡಿ. ಮೆಸೇಜ್ ಕಳಿಸಿಕೊಡುವ ಸೇವೆಯ, ಅಂದರೆ ಎಸ್ಸೆಮ್ಮೆಸ್ ಗೇಟ್‌ವೇಯ, ವಿಳಾಸ ಮತ್ತು ಕೀ ಎರಡೂ ಡೇಟಾಬೇಸ್ ಟೇಬಲ್‌ನಲ್ಲೇ ಇದ್ದಿರಬೇಕು. ಡೇಟಾಬೇಸ್ ಕಾಪಿ ಮಾಡಿದಾಗ ಅವೂ ಜೊತೆಗೇ ಬಂದವು. ಟೆಸ್ಟ್ ಮಷಿನ್ ತನ್ನನ್ನು ಗ್ರಾಹಕರ ಸರ್ವರ್ ಅಂತಲೇ ತಿಳಿದುಕೊಂಡಿತು. ವಾಣಿಜ್ಯ ಮೆಸೇಜ್‌ಗಳ ಮಾದರಿಯನ್ನು ಮೊದಲೇ ದಾಖಲಿಸುವ ಡಿಎಲ್‌ಟಿ ವ್ಯವಸ್ಥೆಯಲ್ಲಿ ನೋಂದಾಯಿಸಿದ ಟೆಂಪ್ಲೇಟ್ ಆದ್ದರಿಂದ ಟೆಲಿಕಾಂ ಕಡೆಯೂ ತಡೆಯಲಿಲ್ಲ. ಯಾರೇ ಆ ಕೆಲಸ ಮಾಡಿದ್ದರೂ ಹೀಗೇ ಆಗುತ್ತಿತ್ತು.

‘ಯಜಮಾನ ಯಾರು’ ಅಂತ ಕೇಳುವುದು ಇದಕ್ಕೇ. ಗೇಟ್‌ವೇ ವಿಳಾಸ ಮಷಿನ್ನಿಗೆ ಸೇರಿದ್ದು. ಮಷಿನ್ ಬದಲಾದರೆ ಅದೂ ಬದಲಾಗಬೇಕು, ಡೇಟಾ ಜೊತೆ ಊರೂರು ಸುತ್ತಬಾರದು. ಅದು ಇರಬೇಕಾದ್ದು ಆ ಸರ್ವರಿನ ಫೈಲಿನಲ್ಲಿ ಅಥವಾ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ. ಜಿಎಸ್‌ಟಿ ದರ ವ್ಯವಹಾರಕ್ಕೆ ಸೇರಿದ್ದು. ಮಷಿನ್ ಯಾವುದೇ ಇರಲಿ, ದರ ಒಂದೇ. ಅದು ಡೇಟಾಬೇಸಿನಲ್ಲೇ ಇರಬೇಕು. ಪಾಸ್‌ವರ್ಡ್, ಕೀಗಳು ಗುಟ್ಟಿನ ಪಂಗಡ, ಅವಕ್ಕೆ ಬೀಗವಿರುವ ಜಾಗ ಬೇಕು. ‘ನ್ಯೂ ಕ್ಯಾಲ್ಕ್’ ಥರದ ಸ್ವಿಚ್‌ಗಳು ಡೆವಲಪರ್‌ಗಳವು, ಹುಟ್ಟುವಾಗಲೇ ಅವಕ್ಕೆ ಸಾಯುವ ತಾರೀಕು ಬರೆಯಬೇಕು. ನಾಲ್ಕು ಜಾತಿಯವನ್ನು ‘ಸೆಟ್ಟಿಂಗ್’ ಎಂಬ ಒಂದೇ ಚೀಲಕ್ಕೆ ತುಂಬಿದ್ದರಿಂದ ಇಷ್ಟೆಲ್ಲ ಫಜೀತಿ.

ವ್ಯವಹಾರದ ಸೆಟ್ಟಿಂಗ್‌ಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಸಂಬಳ, ಬಿಲ್ಲಿಂಗ್ ಸಾಫ್ಟ್‌ವೇರ್ ಎಡವುವುದೇ ಇಲ್ಲಿ. 2025ರ ಸೆಪ್ಟೆಂಬರ್ 22ರಂದು ಹೊಸ ಜಿಎಸ್‌ಟಿ ದರ ಬಂದಾಗ ನಿಮ್ಮ ಹುಡುಗ 12ನ್ನು ಅಳಿಸಿ 5 ಬರೆದ. ಬರೆದ ಸಂಖ್ಯೆ ಸರಿ, ಅಳಿಸಿದ್ದು ತಪ್ಪು. ಸೆಪ್ಟೆಂಬರ್ 21ರ ಬಿಲ್ ಎಂದೆಂದಿಗೂ 12ರದ್ದೇ. ಆ ಮಾಲು ಅಕ್ಟೋಬರ್‌ನಲ್ಲಿ ವಾಪಸ್ ಬಂದರೆ ಕ್ರೆಡಿಟ್ ನೋಟೂ 12ರಲ್ಲೇ ಹೋಗಬೇಕು. ಹಾಗಾಗಿ ದರದ ಪಕ್ಕದಲ್ಲಿ ‘ಯಾವಾಗಿಂದ’ ಅನ್ನುವ ಕಾಲಂ ಇರಲೇಬೇಕು. ಹಳೆ ಸಾಲು ಅಳಿಸುವ ಹಾಗಿಲ್ಲ, ಹೊಸ ಸಾಲು ಸೇರಿಸಬೇಕು. ಬಿಲ್ಲಿನ ತಾರೀಕು ನೋಡಿ ಸಾಲು ಆರಿಸುವುದು ಪ್ರೋಗ್ರಾಮಿನ ಕೆಲಸ. ಇದರಿಂದ ಇನ್ನೊಂದು ಲಾಭವಿದೆ. ಹೊಸ ದರವನ್ನು ವಾರದ ಮೊದಲೇ ತುಂಬಿಸಿ ನೆಮ್ಮದಿಯಾಗಿ ಮಲಗಬಹುದು, ರಾತ್ರಿ 12ಕ್ಕೆ ಯಾರೂ ಕೂತಿರಬೇಕಿಲ್ಲ.

ನಮ್ಮ ರಾಜ್ಯದ ವೃತ್ತಿ ತೆರಿಗೆಯದು ಇನ್ನೂ ಮಜಾ. ತಿಂಗಳಿಗೆ 200 ರೂಪಾಯಿ ಅಂತ ವರ್ಷಗಟ್ಟಲೆ ಇತ್ತು, ಎಲ್ಲರೂ ಒಂದು ಖಾನೆಯಲ್ಲಿ 200 ಅಂತ ಇಟ್ಟುಕೊಂಡಿದ್ದರು. 2023ರ ಏಪ್ರಿಲ್‌ನಿಂದ ಸಂಬಳದ ಮಿತಿ 15,000ದಿಂದ 25,000ಕ್ಕೆ ಏರಿತು. ಮಿತಿಯೂ ಖಾನೆಯಲ್ಲಿದ್ದವರು ಐದು ನಿಮಿಷದಲ್ಲಿ ಮುಗಿಸಿದರು, ಕೋಡಿನಲ್ಲಿ ಬರೆದಿದ್ದವರು ಪರದಾಡಿದರು. ಆಮೇಲೆ 2025ರ ಏಪ್ರಿಲ್‌ನಿಂದ ಹನ್ನೊಂದು ತಿಂಗಳು 200, ಫೆಬ್ರವರಿಯಲ್ಲಿ ಮಾತ್ರ 300 ಅಂತಾಯಿತು. ಸಂವಿಧಾನದ 276ನೇ ವಿಧಿ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. 200ರಂತೆ ಹನ್ನೆರಡು ತಿಂಗಳಿಗೆ 2,400, ಉಳಿದ ನೂರು ಫೆಬ್ರವರಿಗೆ ಬಿತ್ತು. ಈ ಸಲ ಖಾನೆ ಇಟ್ಟುಕೊಂಡಿದ್ದ ಜಾಣರೂ ಸಿಕ್ಕಿಹಾಕಿಕೊಂಡರು. ಒಂದು ಖಾನೆಯಲ್ಲಿ ಒಂದೇ ಸಂಖ್ಯೆ ಹಿಡಿಯುತ್ತದೆ, ‘ಫೆಬ್ರವರಿ ಬಿಟ್ಟು’ ಅನ್ನುವುದು ಹಿಡಿಯುವುದಿಲ್ಲ ಅಲ್ವಾ? ಎಲ್ಲವನ್ನೂ ಸೆಟ್ಟಿಂಗ್ ಮಾಡಿದರೆ ಡೆವಲಪರ್ ಬೇಡ ಎನ್ನುವ ನಿಮ್ಮ ಎಂಡಿಗೆ ಇದನ್ನು ಹೇಳಿ ನೋಡಿ. ಸರ್ಕಾರ ಸಂಖ್ಯೆ ಬದಲಿಸಿದರೆ ಸೆಟ್ಟಿಂಗ್ ಸಾಕು. ನಿಯಮದ ಆಕಾರ ಬದಲಿಸಿದರೆ ಕೋಡೇ ಬೇಕು.

ಎಂಡಿಯವರ ಅಡ್ಮಿನ್ ಸ್ಕ್ರೀನಿಗೆ ಇನ್ನೊಂದು ಆಕ್ಷೇಪಣೆ ಇದೆ. ಹೌದು–ಇಲ್ಲ ಸ್ವಿಚ್‌ಗಳು ಹತ್ತು ಇದ್ದರೆ 1,024 ಬಗೆಯ ಜೋಡಣೆ ಆಗುತ್ತದೆ. ಇಪ್ಪತ್ತಾದರೆ ಹತ್ತು ಲಕ್ಷ ದಾಟುತ್ತದೆ. ನಿಮ್ಮ ಟೀಮ್ ಅದರಲ್ಲಿ ಎಷ್ಟನ್ನು ಟೆಸ್ಟ್ ಮಾಡಿದೆ? ಗ್ರಾಹಕರ ಆಫೀಸಿನ ಗುಮಾಸ್ತರೊಬ್ಬರು ಶನಿವಾರ ಸಂಜೆ ಒಂದು ಟಿಕ್ ತೆಗೆದರೆ, ನೀವು ಎಂದೂ ಓಡಿಸಿರದ ಸಾಫ್ಟ್‌ವೇರ್ ಅಲ್ಲಿ ಓಡುತ್ತದೆ. ದರ, ಮಿತಿ, ರಜೆ ದಿನ, ಬೋನಸ್ ಪ್ರಮಾಣ ಇವನ್ನು ಧಾರಾಳವಾಗಿ ಸ್ಕ್ರೀನಿಗೆ ಕೊಡಿ. ಲೆಕ್ಕದ ದಾರಿಯನ್ನೇ ಬದಲಿಸುವ ಸ್ವಿಚ್ಚುಗಳನ್ನು ಕೊಡಬೇಡಿ.

ಹೊಸಬರು ಹೇಳುವ ಎನ್ವಿರಾನ್ಮೆಂಟ್ ವೇರಿಯಬಲ್ ವಾದ 2011ರ ಸುಮಾರಿಗೆ ಹೆರೋಕು ಕಂಪನಿಯವರು ಸಾಫ್ಟ್‌ವೇರ್ ಕಟ್ಟುವ ಬಗ್ಗೆ ಬರೆದ ‘ಟ್ವೆಲ್ವ್ ಫ್ಯಾಕ್ಟರ್’ ಸೂತ್ರಗಳಿಂದ ಬಂದದ್ದು. ಒಳ್ಳೆಯ ಸೂತ್ರವೇ. ಆದರೆ ಅವರು ಹೇಳಿದ್ದು ಮಷಿನ್‌ನಿಂದ ಮಷಿನ್ನಿಗೆ ಬದಲಾಗುವ ಸೆಟ್ಟಿಂಗ್‌ಗಳ ಬಗ್ಗೆ, ಜಿಎಸ್‌ಟಿ ದರದ ಬಗ್ಗೆ ಅಲ್ಲ. ಮೂವತ್ತು ನಲವತ್ತರವರೆಗೆ ಚೆನ್ನ. ಅದು ದಾಟಿದರೆ ಯಾರಿಗೂ ಲೆಕ್ಕ ಸಿಗುವುದಿಲ್ಲ. ಬದಲಿಸಿದಾಗಲೆಲ್ಲ ರೀಸ್ಟಾರ್ಟ್ ಬೇಕು. ಪಾಸ್‌ವರ್ಡ್ ಇಟ್ಟರೆ, ಪ್ರೋಗ್ರಾಮ್ ಬಿದ್ದಾಗ ಎಲ್ಲ ವೇರಿಯಬಲ್‌ಗಳನ್ನೂ ಲಾಗ್‌ಗೆ ಕಕ್ಕುವ ಅಪಾಯವೂ ಉಂಟು.

ಕಾನ್ಫಿಗ್ ಸರ್ವರ್ ಯಾರಿಗೆ ಬೇಕು? ಒಂದೇ ಜಾಗದಲ್ಲಿ ಮೂವತ್ತು ಸರ್ವಿಸ್‌ಗಳನ್ನು ಓಡಿಸುವವರಿಗೆ. ನಿಮ್ಮವು 40 ಆಫೀಸುಗಳಲ್ಲಿ, 40 ಫೈರ್‌ವಾಲ್‌ಗಳ ಹಿಂದೆ ಇವೆ. ಹುಬ್ಬಳ್ಳಿಯ ನಿಮ್ಮ ಇಂಟರ್ನೆಟ್ ಹೋದ ದಿನ ಗ್ರಾಹಕರ ಸರ್ವರ್ ರೀಸ್ಟಾರ್ಟ್ ಆದರೆ ಅದು ಏಳುವುದೇ ಇಲ್ಲ. ಒಂದು ತಪ್ಪು ಸಂಖ್ಯೆ ಒಬ್ಬರಿಗೆ ಹೋಗುವ ಬದಲು ನಲವತ್ತೂ ಜನರಿಗೆ ಒಟ್ಟಿಗೆ ಹೋಗುತ್ತದೆ. ಹಿಂದೊಮ್ಮೆ ನಾನಿದ್ದ ಒಂದು ಪ್ರಾಜೆಕ್ಟ್‌ನಲ್ಲಿ ಆರು ತಿಂಗಳು ಇದೇ ಕೆಲಸ ಮಾಡಿದೆವು. ಮನೆ ಬದಲಿಸುವಾಗ ಅಟ್ಟದ ಮೇಲಿನ ಹಳೇ ಡಬ್ಬಿಗಳನ್ನು ಬಿಚ್ಚಿಯೂ ನೋಡದೆ ಲಾರಿಗೆ ತುಂಬಿದ ಹಾಗಾಯಿತು. ಹೊಸ ಮನೆಯಲ್ಲೂ ಅವೇ ಡಬ್ಬಿಗಳು, ಬಾಡಿಗೆ ಮಾತ್ರ ಜಾಸ್ತಿ. ನಿಮಗೆ ಈಗ ಅದು ಬೇಡ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲ ತಿಂಗಳು ಏನನ್ನೂ ಬದಲಿಸುವುದಿಲ್ಲ, ನೋಡುತ್ತೇನೆ ಅಷ್ಟೇ. ಸಾಫ್ಟ್‌ವೇರ್ ಶುರುವಾದಾಗ ಈಗ ಜಾರಿಯಲ್ಲಿರುವ ಎಲ್ಲ ಸೆಟ್ಟಿಂಗ್‌ಗಳನ್ನೂ, ಪ್ರತಿಯೊಂದೂ ಎಲ್ಲಿಂದ ಬಂತು ಅನ್ನುವುದನ್ನೂ ಒಂದು ಫೈಲಿಗೆ ಬರೆಯುವಂತೆ ಮಾಡಿ. ಪಾಸ್‌ವರ್ಡ್ ಇದ್ದಲ್ಲಿ ನಕ್ಷತ್ರ ಚಿಹ್ನೆ ಹಾಕಿ. ಇದು ಯಾಕೆ ಮುಖ್ಯ ಅಂದರೆ, ಸ್ಪ್ರಿಂಗ್ ಬೂಟ್‌ನಲ್ಲಿ ಪ್ರಾಪರ್ಟೀಸ್ ಫೈಲನ್ನು ಎನ್ವಿರಾನ್ಮೆಂಟ್ ವೇರಿಯಬಲ್ ಮೀರುತ್ತದೆ, ಸಾಫ್ಟ್‌ವೇರ್ ಶುರುಮಾಡುವ ಕಮಾಂಡಿನಲ್ಲಿ ಕೊಟ್ಟ ಮೌಲ್ಯ ಅದನ್ನೂ ಮೀರುತ್ತದೆ. ಫೈಲಿನಲ್ಲಿ ಹತ್ತು ಸಲ ತಿದ್ದಿದರೂ ಏನೂ ಬದಲಾಗದೆ ‘ದೆವ್ವ ಹೊಕ್ಕಿದೆ’ ಅನ್ನಿಸುವುದು ಈ ಕಾರಣಕ್ಕೆ. ಸ್ಪ್ರಿಂಗ್ ಬೂಟ್‌ನ ಆಕ್ಚುಯೇಟರ್ ಎಂಬ ಉಸ್ತುವಾರಿ ಭಾಗದ ಎನ್ವ್ ಪುಟ ಇದನ್ನು ತೋರಿಸುತ್ತದೆ, ಹೊರಗಿನವರಿಗೆ ಮಾತ್ರ ತೆರೆದಿಡಬೇಡಿ. ಡೇಟಾಬೇಸ್ ಟೇಬಲ್‌ನದ್ದು ಅದರಲ್ಲಿ ತಾನಾಗಿ ಬರುವುದಿಲ್ಲ, ನೀವೇ ಸೇರಿಸಬೇಕು.

ನಲವತ್ತು ಫೈಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಲವತ್ತರಲ್ಲೂ ಒಂದೇ ಮೌಲ್ಯ ಇರುವವು ರಾಶಿರಾಶಿ ಸಿಗುತ್ತವೆ. ಹತ್ತು ವರ್ಷದಲ್ಲಿ ಯಾರೂ ಬದಲಿಸದಿದ್ದರೆ ಅದು ಸೆಟ್ಟಿಂಗ್ ಅಲ್ಲವೇ ಅಲ್ಲ. ಕೋಡಿನಲ್ಲಿ ಸ್ಥಿರವಾಗಿ ಬರೆದು ಕೈ ತೊಳೆದುಕೊಳ್ಳಿ. ಕೋಡ್ ಓದುವುದೇ ಇಲ್ಲದ ಹೆಸರುಗಳೂ ಸಿಗುತ್ತವೆ. ಇಲ್ಲೊಂದು ಎಚ್ಚರ: ಎರಡು ತಿಂಗಳ ಲಾಗ್ ನೋಡಿ ‘ಯಾರೂ ಓದುತ್ತಿಲ್ಲ’ ಅಂತ ಅಳಿಸಬೇಡಿ. ಬೋನಸ್ಸಿನದು ದೀಪಾವಳಿಗೆ ಮಾತ್ರ ಏಳುತ್ತದೆ, ಟಿಡಿಎಸ್ ಹೊಂದಾಣಿಕೆಯದು ಮಾರ್ಚ್‌ಗೆ, ವೃತ್ತಿ ತೆರಿಗೆಯ ಆ 300 ಫೆಬ್ರವರಿಗೆ. ಒಂದು ಪೂರ್ತಿ ಹಣಕಾಸು ವರ್ಷ ಕಳೆಯಲಿ.

ಆಮೇಲೆ ಶುರುವಿನಲ್ಲೇ ತಪಾಸಣೆ. ಮಷಿನ್ನಿಗೆ ಸೇರಿದ ಸೆಟ್ಟಿಂಗ್ ತಪ್ಪಿದ್ದರೆ ಸಾಫ್ಟ್‌ವೇರ್ ಏಳಲೇಬಾರದು, ಯಾವುದು ತಪ್ಪು ಅಂತ ಹೇಳಿ ನಿಲ್ಲಬೇಕು. ಒಮ್ಮೆ ಒಂದು ಗ್ರಾಹಕರ ಡೇಟಾಬೇಸ್ ಸಂಪರ್ಕವೇ ಸಿಗುತ್ತಿರಲಿಲ್ಲ. ಪಾಸ್‌ವರ್ಡ್ ಸರಿಯಿತ್ತು, ಕೈಯಲ್ಲಿ ಟೈಪ್ ಮಾಡಿದರೆ ಒಳಗೆ ಬಿಡುತ್ತಿತ್ತು. ನಾವಿಬ್ಬರು ಮೂರು ಗಂಟೆ ಕೂತೆವು, ಎರಡು ಸಲ ಚಹಾ ಆಯಿತು. ಕೊನೆಗೆ ಸಾಲಿನ ತುದಿಯಲ್ಲಿ ಡಾಲರ್ ಗುರುತು ತೋರಿಸುವ ಹಾಗೆ ಫೈಲು ತೆರೆದಾಗ, ಪಾಸ್‌ವರ್ಡಿಗೂ ಡಾಲರಿಗೂ ನಡುವೆ ಒಂದು ಸ್ಪೇಸ್ ಕಂಡಿತು. ವಾಟ್ಸಾಪ್‌ನಿಂದ ಕಾಪಿ ಮಾಡುವಾಗ ಬಂದದ್ದು. ಜಾವಾ ಪ್ರಾಪರ್ಟೀಸ್ ಫೈಲಿನಲ್ಲಿ ಮೌಲ್ಯ ಶುರುವಾಗುವ ಮೊದಲಿನ ಸ್ಪೇಸ್ ತಾನೇ ಹೋಗುತ್ತದೆ, ಕೊನೆಯಲ್ಲಿರುವುದು ಹಾಗೇ ಉಳಿಯುತ್ತದೆ!

ಫೈಲುಗಳನ್ನು ಯಾಮಲ್ ಎಂಬ ಇನ್ನೊಂದು ಬಗೆಯ ಸೆಟ್ಟಿಂಗ್ ಫೈಲಿಗೆ ಬದಲಿಸುವ ಯೋಚನೆ ಇದ್ದರೆ ಅಲ್ಲೂ ಇಂಥದ್ದೊಂದಿದೆ. ಜಿಎಸ್‌ಟಿ ರಾಜ್ಯ ಸಂಕೇತಗಳನ್ನು ಉದ್ಧರಣ ಚಿಹ್ನೆ ಇಲ್ಲದೆ ಬರೆದರೆ ದೆಹಲಿಯ 07 ಸಂಖ್ಯೆ ಅಂತ ಎಣಿಸಲ್ಪಟ್ಟು ಬರೀ 7 ಆಗುತ್ತದೆ. ರಾಜಸ್ಥಾನದ 08 ಮಾತ್ರ ಹಾಗೇ ಉಳಿಯುತ್ತದೆ. ಸೊನ್ನೆಯಿಂದ ಶುರುವಾದದ್ದನ್ನು ಸ್ಪ್ರಿಂಗ್ ಬೂಟ್ ಬಳಸುವ ಲೈಬ್ರರಿ ಎಂಟರ ಎಣಿಕೆಯಲ್ಲಿ ಓದಲು ಹೋಗುತ್ತದೆ, ಆ ಎಣಿಕೆಯಲ್ಲಿ 8 ಅನ್ನುವ ಅಂಕಿಯೇ ಇಲ್ಲ. ನಮ್ಮ 29ಕ್ಕೆ ಈ ತೊಂದರೆ ಇಲ್ಲದ್ದರಿಂದ ಬೆಂಗಳೂರು, ಹುಬ್ಬಳ್ಳಿಯಲ್ಲಿ ಟೆಸ್ಟ್ ಮಾಡಿದವರಿಗೆ ಗೊತ್ತೇ ಆಗುವುದಿಲ್ಲ.

ಪಾಸ್‌ವರ್ಡ್‌ಗಳು, ಪ್ರತಿ ಬದಲಾವಣೆಯ ಇತಿಹಾಸವನ್ನೂ ಇಡುವ ಗಿಟ್‌ಗೆ ಸೇರಿಹೋಗಿದ್ದರೆ ಫೈಲ್ ಅಳಿಸಿದರೆ ಸಾಲದು, ಹಳೆ ಇತಿಹಾಸದಲ್ಲಿ ಅವು ಕೂತಿರುತ್ತವೆ. ಪಾಸ್‌ವರ್ಡನ್ನೇ ಬದಲಿಸಿ. ಉಳಿದ ಫೈಲುಗಳೆಲ್ಲ ಗಿಟ್‌ನಲ್ಲಿರಲಿ, ಗ್ರಾಹಕರಿಗೊಂದು ಫೋಲ್ಡರ್ ಸಾಕು. ಡೇಟಾಬೇಸ್ ಟೇಬಲ್‌ಗೆ ಜೊತೆಯಲ್ಲಿ ಇನ್ನೊಂದು ಟೇಬಲ್ ಇಡಿ: ಹಳೆ ಮೌಲ್ಯ, ಹೊಸ ಮೌಲ್ಯ, ಯಾರು, ಯಾವಾಗ, ಯಾಕೆ. ‘ಯಾರು’ ಕಾಲಂನಲ್ಲಿ ಎಲ್ಲ ಕಡೆ ‘ಅಡ್ಮಿನ್’ ಅಂತ ಬರುತ್ತಿದ್ದರೆ ಇಟ್ಟೂ ಪ್ರಯೋಜನವಿಲ್ಲ, ಮೊದಲು ಎಲ್ಲರೂ ಹಂಚಿಕೊಂಡಿರುವ ಆ ಒಂದು ಲಾಗಿನ್ ನಿಲ್ಲಿಸಿ. ಇದಕ್ಕೆ ಟೀಮಿನಲ್ಲಿ ಗೊಣಗಾಟ ಬರುತ್ತದೆ, ಎರಡು ವಾರದಲ್ಲಿ ಅಡಗುತ್ತದೆ. ತಿಂಗಳ 28ರಿಂದ 5ರವರೆಗೆ, ಸಂಬಳದ ದಿನಗಳಲ್ಲಿ, ಯಾವ ಸೆಟ್ಟಿಂಗನ್ನೂ ಮುಟ್ಟುವುದಿಲ್ಲ ಅಂತ ಗ್ರಾಹಕರ ಜೊತೆ ಮಾತಾಡಿಕೊಳ್ಳಿ.

ಇಷ್ಟರಲ್ಲಿ ಅಪಾಯವೇ ಇಲ್ಲ ಅಂತ ಹೇಳಲಾರೆ. ಫೈಲು ಗಿಟ್‌ನಲ್ಲಿದ್ದರೂ ತುರ್ತಿನಲ್ಲಿ ಯಾರೋ ಸರ್ವರಿನಲ್ಲೇ ತಿದ್ದುತ್ತಾರೆ, ತಿದ್ದಿದ್ದನ್ನು ಹೇಳಲು ಮರೆಯುತ್ತಾರೆ. ಶುರುವಿನಲ್ಲಿ ಬರೆಯುವ ಆ ಪಟ್ಟಿಯನ್ನು ಗಿಟ್‌ನ ಜೊತೆ ವಾರಕ್ಕೊಮ್ಮೆ ಹೋಲಿಸಿದರೆ ಸಿಕ್ಕಿಬೀಳುತ್ತದೆ.

ಇನ್ನು ‘ಯೂಸ್ ನ್ಯೂ ಕ್ಯಾಲ್ಕ್ 2’. ಈಗಲೇ ತೆಗೆಯಬೇಡಿ, ಆ ಹೆಸರನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಆ ಮೂವರು ಗ್ರಾಹಕರ ಡೇಟಾಬೇಸ್ ಕಾಪಿ ತನ್ನಿ. ಹಿಂದಿನ ಹನ್ನೆರಡು ತಿಂಗಳ ಸಂಬಳವನ್ನು ‘ಎನ್’ ಇಟ್ಟು ಒಮ್ಮೆ, ‘ವೈ’ ಇಟ್ಟು ಇನ್ನೊಮ್ಮೆ ಓಡಿಸಿ, ಪೈಸೆ ಪೈಸೆ ಹೋಲಿಸಿ. ವ್ಯತ್ಯಾಸವೇ ಬರದಿದ್ದರೆ ಒಬ್ಬರಿಗೆ ಮೊದಲು ‘ವೈ’ ಮಾಡಿ, ಒಂದು ಸಂಬಳ ಕಳೆದ ಮೇಲೆ ಉಳಿದಿಬ್ಬರಿಗೆ. ಮೂರೂ ಸರಿಹೋದ ಮೇಲೆ ಸ್ವಿಚ್ಚನ್ನೂ ಅದರ ಹಿಂದಿನ ಹಳೆ ಲೆಕ್ಕದ ಕೋಡನ್ನೂ ಒಟ್ಟಿಗೆ ಕಿತ್ತುಹಾಕಿ, ಒಂದನ್ನು ಬಿಟ್ಟು ಇನ್ನೊಂದನ್ನಲ್ಲ. ವ್ಯತ್ಯಾಸ ಬಂದರೆ ಯಾವ ಕೆಲಸಗಾರರಿಗೆ ಬಂತು ಅಂತ ಪಟ್ಟಿ ಮಾಡಿ, ಆ ಗ್ರಾಹಕರ ಅಕೌಂಟೆಂಟಿಗೆ ಫೋನ್ ಮಾಡಿ. ನಿಮ್ಮಲ್ಲಿ ಬರೆದವರು ಹೋಗಿರಬಹುದು, ಕೇಳಿ ಮಾಡಿಸಿಕೊಂಡವರು ಬಹಳ ಸಲ ಅದೇ ಕುರ್ಚಿಯಲ್ಲಿರುತ್ತಾರೆ. ‘ಓ ಅದಾ, ನಮ್ಮಲ್ಲಿ ರಾತ್ರಿ ಪಾಳಿ ಭತ್ಯೆಯ ಲೆಕ್ಕ ಬೇರೆ ಸರ್’ ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಆಗ ಅದಕ್ಕೆ ‘ರಾತ್ರಿ ಪಾಳಿ ಭತ್ಯೆ’ ಅಂತಲೇ ಹೆಸರಿಟ್ಟು ವ್ಯವಹಾರದ ಸೆಟ್ಟಿಂಗ್ ಮಾಡಿಬಿಡಿ.

ಮತ್ತೆ, ಆ ಮೂರು ಕಾಪಿಗಳನ್ನು ಟೆಸ್ಟ್ ಮಷಿನ್‌ನಲ್ಲಿ ಓಡಿಸುವ ಮೊದಲು ಮೊಬೈಲ್ ನಂಬರ್‌ಗಳನ್ನೆಲ್ಲ ಅಳಿಸಿ, ಆ ಮಷಿನ್‌ನಿಂದ ಎಸ್ಸೆಮ್ಮೆಸ್ ಗೇಟ್‌ವೇಗೆ ಹೋಗುವ ದಾರಿಯನ್ನು ಫೈರ್‌ವಾಲ್‌ನಲ್ಲೇ ಮುಚ್ಚಿಸಿ. ಹನ್ನೆರಡು ತಿಂಗಳ ಸಂಬಳ, ಎರಡೆರಡು ಸಲ. ಈ ಬಾರಿ ಮೆಸೇಜ್ ಹೋದರೆ ಒಬ್ಬೊಬ್ಬರಿಗೆ ಇಪ್ಪತ್ನಾಲ್ಕು ಹೋಗುತ್ತವೆ.